ಮೂತ್ರದಲ್ಲಿ ಬೆಳಕು ಕಂಡ ಹೆನ್ನಿಗ್ ಬ್ರಾಂಡ್

 

ನಮ್ಮ ಗೋಡೆ ಪತ್ರಿಕೆಯ ಮಹನೀಯರ ಜೀವನ ಅಂಕಣದಲ್ಲಿ ಗಾಂಧೀಜಿ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ, ಸರ್ ಸಿ.ವಿ. ರಾಮನ್ ಎಲ್ಲರೂ ಬಂದು ಹೋಗಿದ್ದಾರೆ. ಈ ತಿಂಗಳು ನನ್ನ ಸರದಿ. ನಾನು ಆರಿಸಿಕೊಂಡವನು ಮಹಾತ್ಮನೂ ಅಲ್ಲ, ರಾಜನೂ ಅಲ್ಲ. ಚಿನ್ನದ ಆಸೆಗೆ ಬಿದ್ದು ಮನೆ ತುಂಬಾ ಮೂತ್ರದ ಪಾತ್ರೆ ಇಟ್ಟುಕೊಂಡಿದ್ದ ಮನುಷ್ಯ. ಶೀರ್ಷಿಕೆ ನೋಡಿಯೇ ಹಿಂದಿನ ಸಾಲಿನವರು ಕಿಸಿಕಿಸಿ ನಗ್ತಾ ಇದ್ದೀರಿ ಅಂತ ನನಗೆ ಗೊತ್ತು. ನಕ್ಕು ಮುಗಿಸಿ ಆಮೇಲೆ ಓದಿ. ಆತ ಕಂಡುಹಿಡಿದ ವಸ್ತು ಈಗ ನಗ್ತಾ ಇರೋ ನಿಮ್ಮ ಹಲ್ಲಿನಲ್ಲೇ ಇದೆ.

ಆ ವಸ್ತುವಿನ ಹೆಸರು ರಂಜಕ. ಇಂಗ್ಲಿಷಿನಲ್ಲಿ ಫಾಸ್ಫರಸ್ ಅಂತಾರೆ. ರೈತರ ಮಕ್ಕಳಾದ ನಮಗೆ ಇದು ಹೊಸ ಹೆಸರೇನಲ್ಲ, ಗೊಬ್ಬರದ ವಿಷಯ ಬಂದಾಗೆಲ್ಲ ಸಾರಜನಕ, ರಂಜಕ, ಪೊಟ್ಯಾಷ್ ಅಂತ ಮೂರು ಹೆಸರು ಕೇಳಿರುತ್ತೇವೆ. ಅದರಲ್ಲಿ ನಡುವಿನದು ಇದು. ಇದನ್ನು ಮೊದಲು ಬೇರ್ಪಡಿಸಿ ತೆಗೆದವನು ಹೆನ್ನಿಗ್ ಬ್ರಾಂಡ್. ರಸಾಯನಶಾಸ್ತ್ರದ ಚರಿತ್ರೆಯನ್ನು ಯಾವ ಭಾಷೆಯಲ್ಲಿ ಬರೆದರೂ ಈತನ ಹೆಸರು ಬಿಡೋಕಾಗಲ್ಲ. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ಗಂಧಕ ಇವೆಲ್ಲ ಪುರಾತನ ಕಾಲದಿಂದ ಜನರಿಗೆ ಗೊತ್ತಿದ್ದವು. ಅವನ್ನು ಮೊದಲು ಕಂಡವರ ಹೆಸರಿಲ್ಲ. ಇಂಥವನೇ ಕಂಡುಹಿಡಿದ ಅಂತ ಹೆಸರು ಹಿಡಿದು ಹೇಳಬಹುದಾದ ಮೊಟ್ಟಮೊದಲ ಧಾತು ರಂಜಕ.

ಬ್ರಾಂಡ್ ಹುಟ್ಟಿದ್ದು ಸುಮಾರು 1630ರಲ್ಲಿ. ಊರು ಜರ್ಮನಿಯ ಹ್ಯಾಂಬರ್ಗ್. ಎಲ್ಬೆ ನದಿಯ ಮೇಲಿರುವ ದೊಡ್ಡ ಬಂದರು ಅದು. ಆಗ ಆ ಸೀಮೆಯಲ್ಲಿ 1618ರಿಂದ 1648ರವರೆಗೆ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು. ಬ್ರಾಂಡ್ ಕೂಡ ಸೈನ್ಯದಲ್ಲಿ ಸಣ್ಣ ಅಧಿಕಾರಿಯಾಗಿದ್ದ ಎಂದು ಹೇಳುತ್ತಾರೆ. ಯುದ್ಧ ಮುಗಿದ ಮೇಲೆ ಊರಿನಲ್ಲಿ ವೈದ್ಯ ಮಾಡತೊಡಗಿದ. ಪದವಿ ಓದಿರಲಿಲ್ಲ. ಆ ಕಾಲದ ವೈದ್ಯರಿಗೆ ಬೇಕಾಗಿದ್ದ ಲ್ಯಾಟಿನ್ ಭಾಷೆಯೂ ಬರುತ್ತಿರಲಿಲ್ಲ. ಆದರೂ ತನ್ನನ್ನು ತಾನೇ ಡಾಕ್ಟರ್ ಎಂದು ಕರೆದುಕೊಳ್ಳುತ್ತಿದ್ದ. ಓದಿದ ಪಂಡಿತರು ಇದಕ್ಕಾಗಿ ಅವನನ್ನು ಆಡಿಕೊಳ್ಳುತ್ತಿದ್ದರು.

ಆದರೆ ಅವನ ನಿಜವಾದ ಹುಚ್ಚು ರಸವಿದ್ಯೆ. ಮುಟ್ಟಿದ್ದೆಲ್ಲ ಚಿನ್ನ ಆಗುವ ಪರುಷಮಣಿಯ ಕಥೆ ನಮ್ಮಲ್ಲಿ ಅಜ್ಜಿಯರು ಹೇಳ್ತಾರಲ್ಲ, ಅದೇ ಕಥೆ ಯೂರೋಪಿನಲ್ಲೂ ಇತ್ತು. ಅಲ್ಲಿ ದೊಡ್ಡ ದೊಡ್ಡವರೇ ಅದನ್ನು ನಂಬಿ ಒಲೆ ಹೊತ್ತಿಸಿ ಕೂತಿದ್ದರು. ಸೀಸ, ಪಾದರಸಗಳನ್ನು ಚಿನ್ನ ಮಾಡುತ್ತೇವೆ ಅಂತ ಹೊರಟವರು ಲೆಕ್ಕವಿಲ್ಲದಷ್ಟು ಜನ. ಈ ಕೆಲಸಕ್ಕೆ ಗಾಜಿನ ಪಾತ್ರೆ ಬೇಕು, ಇದ್ದಿಲು ಬೇಕು, ದುಡ್ಡು ಬೇಕು. ಬ್ರಾಂಡ್‌ನ ದುಡ್ಡು ಅವನ ಹೆಂಡತಿಯದು. ಮೊದಲ ಹೆಂಡತಿ ತಂದ ವರದಕ್ಷಿಣೆಯನ್ನೆಲ್ಲ ಒಲೆಗೆ ಸುರಿದ. ಆಕೆ ತೀರಿಕೊಂಡ ಮೇಲೆ ಮಾರ್ಗರೇಟಾ ಎಂಬ ಅನುಕೂಲಸ್ಥ ವಿಧವೆಯನ್ನು ಮದುವೆಯಾದ. ಆಕೆಯ ದುಡ್ಡಿನಿಂದ ಮತ್ತೆ ಒಲೆ ಹೊತ್ತಿತು. ಆಕೆಯ ಮೊದಲ ಗಂಡನ ಮಗ ಇವನ ಜೊತೆ ನಿಂತು ಕೆಲಸ ಮಾಡಿದ. ಸಂಶೋಧನೆ ಬ್ರಾಂಡ್‌ನದು ಅಂತ ಎಲ್ಲರೂ ಬರೀತಾರೆ. ಆ ಇಬ್ಬರು ಹೆಂಗಸರ ದುಡ್ಡು, ಆ ಹುಡುಗನ ಮೈಬೆವರು ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ ಅಂತ ನನಗನ್ನಿಸುತ್ತೆ. ಆ ವಾಸನೆಯಲ್ಲಿ ಅಡುಗೆ ಮಾಡಿದ್ದೂ ಅವರೇ ಇರಬೇಕು!

ವಾಸನೆ ಎಲ್ಲಿಂದ ಬಂತು ಅಂದ್ರೆ, ಮೂತ್ರದಿಂದ. ಮೂತ್ರದ ಬಣ್ಣ ಹಳದಿ, ಚಿನ್ನದ ಬಣ್ಣವೂ ಹಳದಿ. ಹಾಗಾದರೆ ಮೂತ್ರದೊಳಗೆ ಚಿನ್ನ ಇರಲೇಬೇಕು ಎಂಬುದು ಆ ಕಾಲದ ತರ್ಕ. ಈಗ ನಗು ಬರುತ್ತೆ. ಆದರೆ ಊಹೆ ಮಾಡಿದ ಮೇಲೆ ಬ್ರಾಂಡ್ ಸುಮ್ಮನೆ ಕೂರಲಿಲ್ಲ, ಮಾಡಿ ನೋಡಿದ. ನೂರಾರು ಲೀಟರ್ ಮೂತ್ರ ಕೂಡಿಹಾಕಿದ. ದಿನಗಟ್ಟಲೆ ಹಾಗೇ ಬಿಟ್ಟು ಕೊಳೆಸಿದ. ಆಮೇಲೆ ಕುದಿಸಿ ಕುದಿಸಿ ಬೆಲ್ಲದ ಪಾಕದ ಹಾಗೆ ಗಟ್ಟಿ ಮಾಡಿದ. ಅದನ್ನು ಮುಚ್ಚಿದ ಪಾತ್ರೆಯಲ್ಲಿ ಹಾಕಿ ಬಹಳ ಜೋರು ಉರಿಯಲ್ಲಿ ಕಾಯಿಸಿ, ಬಂದ ಹೊಗೆಯನ್ನು ನೀರಿನೊಳಕ್ಕೆ ಹಾಯಿಸಿದ. ನೀರಿನಲ್ಲಿ ಮೇಣದಂಥ ಒಂದು ಬಿಳಿಯ ವಸ್ತು ಹೆಪ್ಪುಗಟ್ಟಿತು. ಕತ್ತಲಲ್ಲಿ ನೋಡಿದರೆ ಅದು ತನ್ನಷ್ಟಕ್ಕೆ ತಾನೇ ಹಸಿರು ಛಾಯೆಯಲ್ಲಿ ಬೆಳಗುತ್ತಿತ್ತು. ದೀಪ ಇಲ್ಲ, ಎಣ್ಣೆ ಇಲ್ಲ, ಬತ್ತಿ ಇಲ್ಲ. ಅದು 1669ನೇ ಇಸವಿ. ಅವನು ಅದಕ್ಕೆ ತಣ್ಣನೆಯ ಬೆಂಕಿ ಅಂತ ಹೆಸರಿಟ್ಟ.

ಅವನ ವಿಧಾನದಲ್ಲಿ ಸುಮಾರು 1,100 ಲೀಟರ್ ಮೂತ್ರದಿಂದ ಸಿಗುವ ರಂಜಕ ಸುಮಾರು 60 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆಯ ತೂಕ. ನಾನು ಒಂದು ಲೆಕ್ಕ ಹಾಕಿದೆ. ನಮ್ಮ ಶಾಲೆಯಲ್ಲಿ 110 ಮಕ್ಕಳಿದ್ದೇವೆ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಲೀಟರ್ ಅಂತ ಇಟ್ಟುಕೊಂಡರೆ ಹತ್ತು ದಿನ ಎಲ್ಲರೂ ಕೂಡಿಹಾಕಬೇಕು. ಆಗ ಒಂದು ಮೊಟ್ಟೆಯಷ್ಟು ರಂಜಕ! ತಮಾಷೆ ಏನಪ್ಪಾ ಅಂದ್ರೆ, ಕುದಿಸುವಾಗ ತಳದಲ್ಲಿ ಕೂತ ಉಪ್ಪನ್ನು ಬೇಡ ಅಂತ ಬ್ರಾಂಡ್ ಎಸೆದುಬಿಡುತ್ತಿದ್ದ. ಹೆಚ್ಚು ರಂಜಕ ಇದ್ದದ್ದು ಆ ಉಪ್ಪಿನಲ್ಲೇ.

ಮೂತ್ರದಲ್ಲಿ ರಂಜಕ ಒಂಟಿಯಾಗಿ ಇರುವುದಿಲ್ಲ. ಆಮ್ಲಜನಕದ ಜೊತೆ ಕಟ್ಟಿಕೊಂಡಿರುತ್ತೆ. ಅದಕ್ಕೇ ಫಾಸ್ಫೇಟ್ ಅನ್ನೋದು. ಜೋರಾಗಿ ಕಾಯಿಸಿದಾಗ ಅದೇ ಪಾಕದಲ್ಲಿರುವ ಇಂಗಾಲ ಆಮ್ಲಜನಕವನ್ನು ಕಿತ್ತುಕೊಳ್ಳುತ್ತೆ, ರಂಜಕ ಬಿಡುಗಡೆ ಆಗುತ್ತೆ. ಅದಿರನ್ನು ಇದ್ದಿಲಿನ ಜೊತೆ ಕಾಯಿಸಿ ಕಬ್ಬಿಣ ತೆಗೀತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಬಿಡುಗಡೆಯಾದ ರಂಜಕ ಗಾಳಿಗೆ ಬಂದ ಕೂಡಲೇ ಮತ್ತೆ ಆಮ್ಲಜನಕದ ಜೊತೆ ಸೇರಲು ಹೊರಡುತ್ತೆ. ಆಗ ಬರುವುದೇ ಆ ಬೆಳಕು.

ಇದು ಬಿಳಿ ರಂಜಕ. ಚಾಕುವಿನಿಂದ ಕೊಯ್ಯುವಷ್ಟು ಮೆತ್ತಗೆ, ಬೆಳ್ಳುಳ್ಳಿಯಂಥ ವಾಸನೆ, ಘೋರ ವಿಷ. 44 ಡಿಗ್ರಿಗೆ ಕರಗುತ್ತೆ. ಗಾಳಿಯಲ್ಲಿ ಸುಮಾರು 30 ಡಿಗ್ರಿ ಬಿಸಿ ಸಾಕು, ತಾನಾಗಿಯೇ ಹೊತ್ತಿಕೊಳ್ಳುತ್ತೆ. ಅದಕ್ಕೇ ನೀರಿನೊಳಗೆ ಮುಳುಗಿಸಿ ಇಡ್ತಾರೆ. ಹ್ಯಾಂಬರ್ಗ್ ಚಳಿ ಊರು, ಅದಕ್ಕೇ ಬ್ರಾಂಡ್ ಬಚಾವಾದ. ಯುಗಾದಿ ಕಳೆದ ಮೇಲೆ ಪಾವಗಡದ ಬಿಸಿಲಲ್ಲಿ ಡಬ್ಬಿ ಮುಚ್ಚಳ ತೆಗೆದಿದ್ದರೆ ಮನೆ ಸಮೇತ ಹೋಗ್ತಿದ್ದ. ಬಿಳಿ ರಂಜಕವನ್ನು ಗಾಳಿ ತಾಗದ ಹಾಗೆ ಬಹಳ ಹೊತ್ತು ಕಾಯಿಸಿದರೆ ಕೆಂಪು ರಂಜಕ ಆಗುತ್ತೆ. ಅದು ಸಾಧು. ಹೊಳೆಯಲ್ಲ, ತಾನಾಗಿ ಹೊತ್ತಿಕೊಳ್ಳಲ್ಲ, ವಿಷವೂ ಅಲ್ಲ. ಕಪ್ಪು ರಂಜಕ ಅಂತಲೂ ಇದೆ, 1914ರಲ್ಲಿ ಸಿಕ್ಕಿತು. ಇನ್ನೊಂದು ಮಾತು ಕೇಳಿ. ಮಿಂಚುಹುಳದ ಬೆಳಕಿಗೂ ರಂಜಕಕ್ಕೂ ಸಂಬಂಧ ಇಲ್ಲ, ಅದು ಬೇರೆ ರಾಸಾಯನಿಕ. ಸ್ಮಶಾನದಲ್ಲಿ ಮೂಳೆ ತಾನೇ ಬೆಳಗುತ್ತೆ ಅಂತ ಹೆದರಿಸೋರನ್ನೂ ನಂಬಬೇಡಿ. ಮೂಳೆಯಲ್ಲಿರುವ ರಂಜಕ ಕ್ಯಾಲ್ಸಿಯಂ ಮತ್ತು ಆಮ್ಲಜನಕಕ್ಕೆ ಕಟ್ಟುಬಿದ್ದಿದೆ.

ಬ್ರಾಂಡ್ ತನ್ನ ಗುಟ್ಟನ್ನು ಆರೇಳು ವರ್ಷ ಯಾರಿಗೂ ಬಿಡಲಿಲ್ಲ. ಇದರಿಂದ ಚಿನ್ನ ಮಾಡಬಹುದು ಅಂತ ಒದ್ದಾಡುತ್ತಲೇ ಇದ್ದ. ಚಿನ್ನ ಬರಲಿಲ್ಲ, ದುಡ್ಡು ಮುಗಿಯಿತು. ಆಗ ಕುಂಕೆಲ್ ಮತ್ತು ಕ್ರಾಫ್ಟ್ ಎಂಬ ಇಬ್ಬರು ಅವನ ಬಾಗಿಲಿಗೆ ಬಂದರು. ಕ್ರಾಫ್ಟ್ ಚಾಲಾಕಿ. ಇನ್ನೂರು ಥಾಲರ್ ಕೊಟ್ಟು ಗುಟ್ಟು ಕೊಂಡುಕೊಂಡ. ಥಾಲರ್ ಅಂದರೆ ಅಲ್ಲಿಯ ಬೆಳ್ಳಿನಾಣ್ಯ. ಆಮೇಲೆ ಕ್ರಾಫ್ಟ್ ಊರೂರು ಸುತ್ತಿ, ರಾಜರ ಅರಮನೆಗಳಲ್ಲಿ ದೀಪ ಆರಿಸಿ, ಈ ಹೊಳೆಯುವ ವಸ್ತುವನ್ನು ತೋರಿಸಿ ದುಡ್ಡು, ಹೆಸರು ಎರಡನ್ನೂ ಮಾಡಿಕೊಂಡ. 1677ರಲ್ಲಿ ಲಂಡನ್ನಿಗೂ ಹೋಗಿ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿಯ ಎದುರಿಗೆ ತೋರಿಸಿದ. ಮನುಷ್ಯನ ದೇಹದಿಂದಲೇ ಬಂದದ್ದು ಅನ್ನುವಷ್ಟು ಸುಳಿವು ಮಾತ್ರ ಬಾಯ್ಲ್‌ಗೆ ಸಿಕ್ಕಿತು. ಅಷ್ಟರಿಂದಲೇ ಆತ 1680ರಲ್ಲಿ ತಾನೇ ರಂಜಕ ತಯಾರಿಸಿದ. ಅವನ ಸಹಾಯಕ ಗಾಡ್‌ಫ್ರೆ ಅದನ್ನು ಮಾಡಿ ಮಾರಿ ಶ್ರೀಮಂತನಾದ. ಕುಂಕೆಲ್ ಕೂಡ ತಾನಾಗಿ ತಯಾರಿಸಿ, ಅನೇಕ ಕಡೆ ಅದು ಕುಂಕೆಲ್‌ನ ರಂಜಕ ಅಂತಲೇ ಹೆಸರಾಯಿತು. ಕಂಡುಹಿಡಿದವನು ಮಾತ್ರ ಹ್ಯಾಂಬರ್ಗ್‌ನಲ್ಲಿ ಸಾಲಗಾರರ ಮುಖ ನೋಡುತ್ತಾ ಕೂತಿದ್ದ.

ಅವನ ಕೈ ಹಿಡಿದವನು ಲೈಬ್ನಿಜ್. ಗಣಿತದಲ್ಲಿ ಬಹಳ ದೊಡ್ಡ ಹೆಸರು ಅದು. ಲೈಬ್ನಿಜ್ ಆಗ ಹ್ಯಾನೋವರ್‌ನ ದೊರೆಯ ಹತ್ತಿರ ಕೆಲಸದಲ್ಲಿದ್ದ. 1678ರಲ್ಲಿ ದೊರೆಗೆ ಹೇಳಿ ಬ್ರಾಂಡ್‌ಗೆ ಸಂಬಳ ಗೊತ್ತುಮಾಡಿಸಿ ಹ್ಯಾನೋವರ್‌ಗೆ ಕರೆಸಿಕೊಂಡ. ಅಲ್ಲಿ ಬ್ರಾಂಡ್ ಮತ್ತೆ ಮೂತ್ರ ಕುದಿಸಿ ರಂಜಕ ಮಾಡಿಕೊಟ್ಟ. ಸಂಬಳ ಸಾಲದು ಅಂತ ಆತ ಗೊಣಗುತ್ತಲೇ ಇದ್ದ. ನನಗೆ ಇದು ತಪ್ಪು ಅಂತ ಅನ್ನಿಸಲಿಲ್ಲ. 1692ರವರೆಗೆ ಆತ ಬದುಕಿದ್ದ. ನಮ್ಮ ಶಿರಾ 1687ರಲ್ಲಿ ಮೊಗಲರ ಸುಬಾದ ರಾಜಧಾನಿ ಆಯಿತು ಅಂತ ಸಮಾಜ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಿದ್ದಾರಲ್ಲ, ಆಗ ಹ್ಯಾಂಬರ್ಗ್‌ನಲ್ಲಿ ಈ ಮುದುಕ ಇನ್ನೂ ಇದ್ದ. 1710ರಲ್ಲಿ ಲೈಬ್ನಿಜ್ ರಂಜಕದ ಚರಿತ್ರೆ ಬರೆದು, ಇದನ್ನು ಕಂಡವನು ಕ್ರಾಫ್ಟ್ ಅಲ್ಲ, ಕುಂಕೆಲ್ ಅಲ್ಲ, ಬ್ರಾಂಡ್ ಎಂದು ಸ್ಪಷ್ಟಪಡಿಸಿದ. ಆ ಬರಹ ಇಲ್ಲದೇ ಹೋಗಿದ್ದರೆ ಈ ಗೋಡೆಯ ಮೇಲೆ ನಾನು ಬೇರೆ ಯಾರದೋ ಹೆಸರು ಬರೀತಿದ್ದೆ. ಆದರೆ ಮೊದಲ ಹೆಂಡತಿಯ ಹೆಸರು ಮಾತ್ರ ನಾನು ಓದಿದ ಯಾವ ಪುಸ್ತಕದಲ್ಲೂ ಕಾಣಲಿಲ್ಲ.

ಬ್ರಾಂಡ್ ಹೋದ ಮೇಲೆ ಅವನ ವಸ್ತು ಬೆಳೆಯಿತು. ಸುಮಾರು 1770ರ ಹೊತ್ತಿಗೆ ಸ್ವೀಡನ್ ದೇಶದ ಗಾನ್ ಮತ್ತು ಶೀಲೆ ಮೂಳೆಯಲ್ಲಿ ರಂಜಕ ಇದೆ ಎಂದು ತೋರಿಸಿದರು. ಮೂತ್ರದ ಕೊಡ ಹೊರುವುದು ಅಲ್ಲಿಗೆ ತಪ್ಪಿತು. 1789ರಲ್ಲಿ ಫ್ರಾನ್ಸಿನ ಲವಾಸಿಯೆ ತನ್ನ ಧಾತುಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ. ದೊಡ್ಡವರ ಮೈಯಲ್ಲಿ ಸುಮಾರು 700 ಗ್ರಾಂ ರಂಜಕ ಇರುತ್ತೆ. ನೂರರಲ್ಲಿ 85 ಪಾಲು ಮೂಳೆ, ಹಲ್ಲಿನಲ್ಲೇ.

ಹಲ್ಲು ಅಂದಾಗ ಒಂದು ವಿಷಯ ಬರೆಯಲೇಬೇಕು. ಪಾವಗಡ, ಶಿರಾ, ಮಧುಗಿರಿ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಹಲ್ಲು, ಮೂಳೆ ಕಟ್ಟಿರುವುದು ಕ್ಯಾಲ್ಸಿಯಂ ಮತ್ತು ರಂಜಕದ ಹರಳಿನಿಂದ. ಹೆಚ್ಚಾದ ಫ್ಲೋರೈಡ್ ಆ ಕಟ್ಟಡದೊಳಕ್ಕೇ ನುಗ್ಗುತ್ತೆ. ಚಿಕ್ಕಂದಿನಲ್ಲಿ ಆ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತೆ, ಬಹಳ ವರ್ಷ ಕುಡಿದವರಿಗೆ ಬೆನ್ನು, ಮಂಡಿ ಮರಗಟ್ಟಿದ ಹಾಗೆ ಆಗುತ್ತೆ. ಪಾವಗಡ ಸೀಮೆಯ ನನ್ನ ಅಜ್ಜಿಗೆ ಬಗ್ಗಿ ಕಸ ಗುಡಿಸೋಕೆ ಆಗಲ್ಲ. ನಮ್ಮ ತರಗತಿಯಲ್ಲೂ ಕಂದು ಹಲ್ಲಿನವರಿದ್ದಾರೆ. ಅವರು ಹಲ್ಲುಜ್ಜದೆ ಬಂದಿರೋದಲ್ಲ. ಇನ್ನು ಮೇಲೆ ಯಾರೂ ಅವರಿಗೆ ಅಡ್ಡಹೆಸರು ಕಟ್ಟಬೇಡಿ. ಮತ್ತೆ ಶುದ್ಧ ನೀರಿನ ಘಟಕದಿಂದ ತಂದ ನೀರನ್ನೇ ಕುಡಿಯಿರಿ.

ಬ್ರಾಂಡ್ ರಂಜಕ ಕಂಡ ಸರಿಯಾಗಿ ಇನ್ನೂರು ವರ್ಷಕ್ಕೆ, 1869ರಲ್ಲಿ, ರಷ್ಯಾದ ಮೆಂಡಲೀವ್ ಧಾತುಗಳನ್ನೆಲ್ಲ ಸಾಲಾಗಿ ಕೂರಿಸಿದ. ಅದೇ ಆವರ್ತ ಕೋಷ್ಟಕ. ಹತ್ತನೇ ತರಗತಿ ಓದೋ ನಮ್ಮಣ್ಣನ ಹತ್ತಿರ ಅದರ ಪಟ ಇದೆ, ನೋಡಿ ಬರೀತಿದ್ದೇನೆ. ರಂಜಕದ ಗುರುತು ಪಿ ಅಕ್ಷರ, ಪರಮಾಣು ಸಂಖ್ಯೆ 15, ಪರಮಾಣು ರಾಶಿ ಸುಮಾರು 31. ಅಡ್ಡಸಾಲಿನಲ್ಲಿ ಮೂರನೆಯದು, ಎಡಕ್ಕೆ ಸಿಲಿಕಾನ್, ಬಲಕ್ಕೆ ಗಂಧಕ. ಉದ್ದಸಾಲಿನಲ್ಲಿ 15ನೇ ಗುಂಪು. ಅಡ್ಡಸಾಲು ಬೆಂಚಿನಲ್ಲಿ ಅಕ್ಕಪಕ್ಕ ಕೂತವರಿದ್ದ ಹಾಗೆ, ಉದ್ದಸಾಲು ಒಂದೇ ಮನೆತನ. ಈ ಮನೆತನದಲ್ಲಿ ಎಲ್ಲರಿಗೂ ಹೊರಕವಚದಲ್ಲಿ ಐದೈದು ಎಲೆಕ್ಟ್ರಾನು. ರಂಜಕದ್ದು 2, 8, 5. ಮೇಲೆ ಸಾರಜನಕ 7, ಆಮೇಲೆ ರಂಜಕ 15, ಕೆಳಗೆ ಆರ್ಸೆನಿಕ್ 33, ಆಂಟಿಮನಿ 51, ಬಿಸ್ಮತ್ 83, ಕಟ್ಟಕಡೆಗೆ 115. ಒಂದರಿಂದ ಒಂದನ್ನು ಕಳೆದು ನೋಡಿ. 8, 18, 18, 32, 32 ಬರುತ್ತೆ. ನಾನು ಮೂರು ಸಲ ಕಳೆದೆ, ಬಹಳ ಖುಷಿಯಾಯಿತು.

ಎಡಗಡೆಯ ನೆಂಟ ಸಿಲಿಕಾನ್ ಬಗ್ಗೆಯೂ ಹೇಳಬೇಕು. ಪಾವಗಡ ತಾಲ್ಲೂಕಿನ ತಿರುಮಣಿ ಹತ್ತಿರ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2,050 ಮೆಗಾವಾಟ್. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಅಂಥ ಫಲಕದ ಒಳಗಿರೋದು ಸಿಲಿಕಾನ್. ಸಿಲಿಕಾನ್‌ಗೆ ಹೊರಗಡೆ ನಾಲ್ಕೇ ಎಲೆಕ್ಟ್ರಾನು. ಅದರ ಒಂದು ಪದರಕ್ಕೆ ಅತೀ ಕಡಿಮೆ ಪ್ರಮಾಣದ ರಂಜಕ ಸೇರಿಸ್ತಾರೆ. ರಂಜಕದ ಐದರಲ್ಲಿ ನಾಲ್ಕು ಎಲೆಕ್ಟ್ರಾನು ಸಿಲಿಕಾನ್ ಜೊತೆ ಕೈ ಹಿಡಿಯುತ್ತೆ, ಐದನೆಯದು ಖಾಲಿ ಉಳಿಯುತ್ತೆ. ಇನ್ನೊಂದು ಪದರಕ್ಕೆ ಬೋರಾನ್ ಸೇರಿಸಿ ಎಲೆಕ್ಟ್ರಾನಿನ ಕೊರತೆ ಮಾಡಿರ್ತಾರೆ. ಎರಡೂ ಪದರ ಸೇರೋ ಕಡೆ ಬಿಸಿಲು ಬಿದ್ದಾಗ ಎಲೆಕ್ಟ್ರಾನು ಒಂದೇ ದಿಕ್ಕಿಗೆ ಓಡಿ ಕರೆಂಟು ಬರುತ್ತೆ. ಕೋಷ್ಟಕದಲ್ಲಿ ಒಂದೇ ಒಂದು ಮನೆ ಪಕ್ಕಕ್ಕೆ ಇರೋದರಿಂದಲೇ ಇದು ಆಗೋದು.

ರಂಜಕ ಕೆಟ್ಟ ಕೆಲಸವನ್ನೂ ಮಾಡಿದೆ. 1830ರ ಸುಮಾರಿಗೆ ಬಿಳಿ ರಂಜಕದ ಬೆಂಕಿಕಡ್ಡಿ ಬಂತು. ಅದನ್ನು ಮಾಡುತ್ತಿದ್ದ ಬಡ ಹೆಂಗಸರಿಗೆ, ಹುಡುಗಿಯರಿಗೆ ಹೊಗೆ ತಾಗಿ ದವಡೆ ಮೂಳೆ ಕೊಳೆತು ಹೋಗುತ್ತಿತ್ತು. 1888ರಲ್ಲಿ ಲಂಡನ್ನಿನ ಬೆಂಕಿಕಡ್ಡಿ ಕಾರ್ಖಾನೆಯ ಹೆಣ್ಣುಮಕ್ಕಳು ಮುಷ್ಕರ ಹೂಡಿದರು. ನಮ್ಮ ದೇಶದಲ್ಲಿ 1913ರಲ್ಲಿ ಅಂಥ ಕಡ್ಡಿಯನ್ನು ಕಾನೂನಿನಿಂದ ನಿಷೇಧಿಸಿದರು. ಈಗಿನ ಕಡ್ಡಿಯ ತಲೆಯಲ್ಲಿ ರಂಜಕ ಇಲ್ಲ. ಪೊಟ್ಟಣದ ಪಕ್ಕದ ಕಂದು ಪಟ್ಟಿಯಲ್ಲಿ ಕೆಂಪು ರಂಜಕ ಇದೆ. ಗೀರಿದಾಗ ಅದು ಚೂರೇ ಚೂರು ಬಿಳಿಯಾಗಿ ಹೊತ್ತಿಕೊಳ್ಳುತ್ತೆ. ಇನ್ನು 1943ರ ಜುಲೈನಲ್ಲಿ, ಎರಡನೇ ಮಹಾಯುದ್ಧದಲ್ಲಿ, ವಿಮಾನಗಳು ಬ್ರಾಂಡ್‌ನ ಹ್ಯಾಂಬರ್ಗ್ ಮೇಲೆಯೇ ರಂಜಕದ ಬಾಂಬುಗಳನ್ನೂ ಸೇರಿಸಿ ಬೆಂಕಿ ಸುರಿದವು. ಸಾವಿರಾರು ಜನ ಸತ್ತರು.

ಈಗ ನಮ್ಮ ಹೊಲಕ್ಕೆ ಬರೋಣ. ಗಿಡಕ್ಕೆ ಬೇರು ಇಳಿಯೋದಕ್ಕೆ, ಕಾಳು ಕಟ್ಟೋದಕ್ಕೆ ರಂಜಕ ಬೇಕು. ಸಾಲದಿದ್ದರೆ ಮುಸುಕಿನ ಜೋಳದ ಎಲೆ ನೇರಳೆ ಬಣ್ಣಕ್ಕೆ ತಿರುಗುತ್ತೆ, ನೋಡಿರ್ತೀರಿ. ನಮ್ಮ ಕೆಂಪು ಮಣ್ಣಿನಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದು ಕೂರುತ್ತವೆ, ಬೇರಿಗೆ ಸುಲಭಕ್ಕೆ ಬಿಡಲ್ಲ. ಕಡ್ಲೆಕಾಯಿ ಮೂಟೆ ಮಂಡಿಗೆ ಹೋದಾಗ ಹೊಲದ ರಂಜಕವೂ ಅದರ ಜೊತೆ ಹೋಗುತ್ತೆ. ಹಿಂದೆ ನಮ್ಮ ತಾತ ಬೇಸಿಗೆಯಲ್ಲಿ ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸ್ತಿದ್ದರಂತೆ. ಮನುಷ್ಯರ ಮೂತ್ರದಲ್ಲಿ ರಂಜಕ ಚೆನ್ನಾಗಿದೆ, ಕುರಿ ದನಗಳಲ್ಲಿ ಅದು ಹೆಚ್ಚಾಗಿ ಹಿಕ್ಕೆ, ಸಗಣಿಯಲ್ಲೇ ಬರುತ್ತೆ. ಈಗ ಡಿಎಪಿ ಚೀಲ. ಅದರ ಮೇಲೆ 18:46 ಅಂತ ಇರುತ್ತೆ. ಲೆಕ್ಕ ಮಾಡಿದರೆ 50 ಕಿಲೋ ಚೀಲದಲ್ಲಿ ಬರೀ ರಂಜಕ ಸುಮಾರು 10 ಕಿಲೋ. ಬ್ರಾಂಡ್ ಮಾಡಿದ ಹಾಗೆ ಮಾಡಿದರೆ ಅಷ್ಟಕ್ಕೆ 1,80,000 ಲೀಟರಿಗಿಂತ ಹೆಚ್ಚು ಮೂತ್ರ ಬೇಕು. ಈ ಗೊಬ್ಬರಕ್ಕೆ ಬೇಕಾದ ರಂಜಕದ ಬಂಡೆ ನಮ್ಮ ದೇಶದಲ್ಲಿ ಕಡಿಮೆ. ಮೊರಾಕೊ, ಜೋರ್ಡಾನ್ ಮುಂತಾದ ದೇಶಗಳಿಂದ ಹಡಗಿನಲ್ಲಿ ಬರಬೇಕು. ಅದಕ್ಕೇ ಬಿತ್ತನೆ ಹೊತ್ತಿಗೆ ಚೀಲ ಸಿಗದೆ ಅಪ್ಪಂದಿರು ಬೆಳಗಿನ ಜಾವಕ್ಕೇ ಹೋಗಿ ಸಾಲು ನಿಲ್ಲೋದು.

ನಮ್ಮ ಹೊಲದ ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ರಂಜಕದ ಎದುರಿಗೆ ಕಡಿಮೆ ಅಂತ ಬರೆದಿದೆ. ಈ ವರ್ಷ ಮುಂಗಾರಿಗೆ ಮುಂಚೆ ಅಮ್ಮ ಕಿವಿಯ ಓಲೆ ಬಿಚ್ಚಿ ಕೊಟ್ಟರು. ಅಪ್ಪ ಅದನ್ನು ಗಿರವಿ ಇಟ್ಟು ಎರಡು ಚೀಲ ಡಿಎಪಿ, ಬಿತ್ತನೆ ಕಡ್ಲೆಕಾಯಿ ತಂದರು. ನಾನು ಆ ದಿನ ರಾತ್ರಿ ಅಮ್ಮನಿಗೆ ಬ್ರಾಂಡ್‌ನ ಕಥೆ ಪೂರ್ತಿ ಹೇಳಿದೆ. ಮೂತ್ರ ಕುದಿಸಿದ ಕಡೆ ಬಹಳ ನಕ್ಕರು. ಅವನು ಚಿನ್ನ ಬೇಕು ಅಂತ ಹೋಗಿ ರಂಜಕ ತಂದ, ನಾವು ಚಿನ್ನ ಕೊಟ್ಟು ರಂಜಕ ತಂದಿದ್ದೀವಿ ಅಂದೆ. ಅಮ್ಮ ನಗು ನಿಲ್ಲಿಸಿ, ಅವನ ಮೊದಲನೇ ಹೆಂಡತಿಗೆ ಓಲೆ ವಾಪಸ್ ಬಂತಾ ಅಂತ ಕೇಳಿದರು. ಇಲ್ಲ ಅಂದೆ. ಕಡ್ಲೆಕಾಯಿ ಈಗ ಹೂ ಬಿಟ್ಟಿದೆ. ಒಂದು ಹದ ಮಳೆ ಬೇಕು.

— ಏಳನೇ ತರಗತಿ